ಬಾಡಿಗೆಗೆ ತಂದ ಗುರಿ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ದೋಸೆಗೆ ಕಾವಲಿ ಇಡುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪ್ಲಾಸ್ಟಿಕ್ ಫೈಲು ಹಿಡಿದು ಬಂದಳು. ಬಿ.ಕಾಂ. ಮುಗಿಸಿದ್ದಾಳೆ. “ಮಿಸ್, ಏರ್‌ಹೋಸ್ಟೆಸ್ ಕೆಲಸಕ್ಕೆ ಅರ್ಜಿ ಹಾಕ್ತಿದೀನಿ. ರೆಸ್ಯೂಮಲ್ಲಿ ಇಂಗ್ಲಿಷ್ ತಪ್ಪಿದ್ರೆ ತಿದ್ದಿಕೊಡಿ” ಎಂದಳು. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದಮೇಲೆ ನಮ್ಮ ಕಡೆಯ ಹುಡುಗಿಯರ ಕಣ್ಣು ಆಕಾಶದತ್ತ ಹೊರಳಿದೆ. ನನಗೆ ಅದು ಸಂತೋಷವೇ.

ಕನ್ನಡಕ ಏರಿಸಿ ಓದಿದೆ. ಎಲ್ಲಕ್ಕಿಂತ ಮೇಲೆ ‘ಕೆರಿಯರ್ ಆಬ್ಜೆಕ್ಟಿವ್’. ಹೆಸರಾಂತ ಸಂಸ್ಥೆಯೊಂದರಲ್ಲಿ ಸವಾಲಿನ ಹುದ್ದೆ ಪಡೆದು, ತನ್ನ ಕೌಶಲವನ್ನೆಲ್ಲ ಧಾರೆಯೆರೆದು, ಸಂಸ್ಥೆಯ ಜೊತೆ ತಾನೂ ಬೆಳೆಯುವುದು ಆಕೆಯ ಗುರಿಯೆಂದು ಇಂಗ್ಲಿಷಿನಲ್ಲಿತ್ತು. ಒಂದು ಕಾಮಾ ಕೂಡ ತಪ್ಪಿರಲಿಲ್ಲ.

“ಇದನ್ನ ನೀನೇ ಬರೆದೆಯೇನೇ?”

“ಇಲ್ಲ ಮಿಸ್. ಟೈಪ್ ಮಾಡಿಕೊಡೋ ಅಂಗಡಿಯಲ್ಲಿ ರೆಡಿ ಇರುತ್ತೆ. ಬ್ಯಾಂಕಿಗೂ ಅದೇ, ಆಸ್ಪತ್ರೆಗೂ ಅದೇ.”

ಬ್ಯಾಂಕಿಗೂ ಆಸ್ಪತ್ರೆಗೂ ವಿಮಾನಕ್ಕೂ ಒಂದೇ ಗುರಿ! ಮದುವೆಮನೆಗೆ ಬಾಡಿಗೆ ಒಡವೆ ತರುವುದನ್ನು ನೋಡಿದ್ದೇನೆ. ಬದುಕಿನ ಗುರಿಯೂ ಬಾಡಿಗೆಗೆ ಸಿಗುತ್ತದೆಂದು ಗೊತ್ತಿರಲಿಲ್ಲ.

ಅಂಗಡಿಯವರನ್ನು ಬೈಯುವ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಇಪ್ಪತ್ತೆಂಟು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ರಜೆ ಅರ್ಜಿಯೆಂದರೆ ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಎಂದು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದವಳು ನಾನೇ. ಅಕ್ಕನ ಮದುವೆಗೆ ಹೊರಟ ಹುಡುಗಿಯೂ ಜ್ವರವೆಂದೇ ಬರೆದಳು. ನಾನು ರೈಟ್ ಹಾಕಿದೆ. ವ್ಯಾಕರಣ ಸರಿಯಿದ್ದ ಸುಳ್ಳಿಗೆ ಹತ್ತಕ್ಕೆ ಹತ್ತು, ವ್ಯಾಕರಣ ತಪ್ಪಿದ ನಿಜಕ್ಕೆ ನಾಲ್ಕು. ಆ ಪಾಠವೇ ಈಗ ರೆಸ್ಯೂಮಾಗಿ ನನ್ನ ಮನೆ ಬಾಗಿಲಿಗೆ ಬಂದಿದೆ.

ಹೆಸರಾಂತ ಸಂಸ್ಥೆಯ ಮಾತನ್ನೇ ನೋಡೋಣ. ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತು, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ಮೂರೂ ಹೆಸರಾಂತವೇ. ಅವುಗಳ ಜೊತೆ ಬೆಳೆಯಲು ಹೋದ ಮಕ್ಕಳು ಕೆಲಸ ಕಳೆದುಕೊಂಡು ನಿಂತರು. ಸಂಸ್ಥೆ ಇವತ್ತಿರುತ್ತದೆ, ನಾಳೆ ಇಲ್ಲ. ಕೈಗೆ ಹತ್ತಿದ ಕೆಲಸ ಮಾತ್ರ ನಮ್ಮದು. ಗುರಿ ಬರೆಯುವುದಾದರೆ ಆ ಕೆಲಸದ ಬಗ್ಗೆ ಬರೆಯಬೇಡವೇ?

ಆ ಕೆಲಸವಾದರೂ ಎಂಥದು? ನಗುತ್ತ ಕಾಫಿ ಕೊಡುವುದೆಂದು ನಮ್ಮಲ್ಲಿ ಅನೇಕರ ಎಣಿಕೆ. ಆದರೆ ಅರ್ಧದಷ್ಟು ಬಾಗಿಲು ತೆರೆಯದೇ ಹೋದರೂ 90 ಸೆಕೆಂಡುಗಳಲ್ಲಿ ಎಲ್ಲರನ್ನೂ ಹೊರಗಿಳಿಸಲು ಸಾಧ್ಯವೆಂದು ತೋರಿಸಿದ ಮೇಲೇ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಮಂಜೂರಾತಿ ಸಿಗುವುದು. ಹಾಗೆ ಇಳಿಸಬೇಕಾದವರು ಈ ಹುಡುಗಿಯರೇ. 1986ರ ಸೆಪ್ಟೆಂಬರ್ 5ರಂದು, ನಾವು ಶಿಕ್ಷಕರ ದಿನಾಚರಣೆ ಮಾಡುವ ದಿನ, ಕರಾಚಿಯಲ್ಲಿ ಅಪಹರಣಕಾರರ ಗುಂಡಿನ ನಡುವೆ ಪ್ರಯಾಣಿಕರನ್ನು ಪಾರುಮಾಡುತ್ತ ಪ್ರಾಣಬಿಟ್ಟ ನೀರಜಾ ಭನೋಟ್‌ಗೆ 23 ತುಂಬಲು ಎರಡು ದಿನವಿತ್ತು.

ನಮ್ಮ ಹುಡುಗಿಗೆ ಇದಕ್ಕೆ ಬೇಕಾದದ್ದು ಇಲ್ಲವೇ? ಒಂಬತ್ತನೇ ತರಗತಿಯ ಪ್ರವಾಸದಲ್ಲಿ ಆಗುಂಬೆ ಘಾಟಿಯಲ್ಲಿ ರಾತ್ರಿ ಬಸ್ಸು ಕೆಟ್ಟು ನಿಂತಿತು. ಜಡಿಮಳೆ. ಚಿಕ್ಕ ಮಕ್ಕಳು ಅಳಲು ಶುರುಮಾಡಿದವು. ಇವಳು ಎದ್ದು ತಲೆ ಎಣಿಸಿದಳು, ಅಂತ್ಯಾಕ್ಷರಿ ಶುರುಮಾಡಿದಳು, ವಾಂತಿ ಮಾಡಿದ ಮಗುವಿಗೆ ತನ್ನ ಶಾಲು ಹೊದಿಸಿದಳು. ನಾನೇ ಹೆದರಿ ಕೂತಿದ್ದೆ. ಮನೆಯಲ್ಲಿ ಕೊಂಕಣಿ, ಬಸ್‌ಸ್ಟ್ಯಾಂಡಿನ ಅಮ್ಮನ ಕ್ಯಾಂಟೀನಿನಲ್ಲಿ ಕನ್ನಡ, ಉರ್ದು, ತುಳು. ಸಿಟ್ಟುಗೊಂಡ ಗಿರಾಕಿಯನ್ನು ಸಮಾಧಾನಪಡಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಇದರಲ್ಲಿ ಒಂದಕ್ಷರವೂ ರೆಸ್ಯೂಮಿನಲ್ಲಿರಲಿಲ್ಲ.

“ಎಲ್ಲರೂ ಹಾಗೇ ಬರೆಯೋದು ಮಿಸ್. ಬೇರೆ ಥರ ಬರೆದ್ರೆ ತೆಗೆದು ಬಿಸಾಕ್ತಾರೆ” ಎಂದಳು. ಎಲ್ಲರೂ ಬರೆಯುವುದನ್ನು ಓದುವ ತಾಳ್ಮೆ ಯಾರಿಗಿದೆ? ನೂರು ಉತ್ತರಪತ್ರಿಕೆಯಲ್ಲಿ ಒಂದೇ ಗೈಡಿನ ಉತ್ತರ ಕಂಡರೆ ನಾನೇ ಮೂರನೇ ಸಾಲಿಗೆ ಹೋಗುವುದಿಲ್ಲ.

ಇನ್ನೊಂದು ಮಾತು. ಏರ್ ಇಂಡಿಯಾದ ಗಗನಸಖಿಯರನ್ನು ಮೊದಲ ಬಸಿರಿಗೇ ಮನೆಗೆ ಕಳಿಸುವ ನಿಯಮವೊಂದಿತ್ತು. ಅವರು ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. 1981ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕಿತ್ತುಹಾಕಿತು. ಸೇರಿದ ನಾಲ್ಕು ವರ್ಷ ಮದುವೆಯಾಗಬಾರದೆಂಬ ನಿಯಮವನ್ನು ಹಾಗೇ ಉಳಿಸಿತು, ಅದೂ ನಿಜ. ಆದರೂ ಸಿಕ್ಕಷ್ಟು ಸಿಕ್ಕಿದ್ದು ತಮಗೆ ಏನು ಬೇಕೆಂದು ಆ ಹೆಂಗಸರು ಬಾಯಿಬಿಟ್ಟು ಹೇಳಿದ್ದರಿಂದ. ಅರ್ಜಿಯ ಮೊದಲ ಸಾಲಿನಲ್ಲೇ ಇನ್ನೊಬ್ಬರ ಮಾತಿಗೆ ರುಜು ಹಾಕುವ ಹುಡುಗಿ ನಾಳೆ ಡ್ಯೂಟಿ, ಸಂಬಳ, ರಜೆಯ ವಿಷಯದಲ್ಲಿ ತನ್ನ ಮಾತು ಆಡಿಯಾಳೇ?

ದೋಸೆ ತಿನ್ನಿಸಿ, ಪೆನ್ನು ಕೊಟ್ಟು ಕೂರಿಸಿದೆ. ನಾಲ್ಕು ಸಲ ಹೊಡೆದುಹಾಕಿ ಬರೆದಳು: ಕ್ಯಾಬಿನ್ ಸಿಬ್ಬಂದಿಯ ಕೆಲಸ ಬೇಕು, ನಾಲ್ಕು ಭಾಷೆ ಬರುತ್ತದೆ, ಗಾಬರಿಯಾದವರನ್ನು ಸಂಭಾಳಿಸಿ ಅಭ್ಯಾಸವಿದೆ, ಸುರಕ್ಷತೆಯ ತರಬೇತಿಯನ್ನು ಚೆನ್ನಾಗಿ ಕಲಿತು ಮುಂದೆ ಅದನ್ನೇ ಕಲಿಸುವಷ್ಟಾಗಬೇಕು. ಸರಳ ಇಂಗ್ಲಿಷ್. ನಾನು ಒಂದೆರಡು ಕಡೆ ಮಾತ್ರ ತಿದ್ದಿದೆ. ಕೆಲಸ ಸಿಕ್ಕಿತೇ ಎನ್ನುತ್ತೀರಾ? ಕರೆ ಇನ್ನೂ ಬಂದಿಲ್ಲ.

ಮರುದಿನ ಎಂಟನೇ ತರಗತಿಯಲ್ಲಿ ರಜೆ ಅರ್ಜಿ ಬರೆಸಿದೆ. ನಿಜವಾದ ಕಾರಣ ಬರೆಯಿರಿ ಎಂದೆ. ಮನೆಯಲ್ಲಿ ಅಡಿಕೆ ಕೊಯ್ಲು, ಅಮ್ಮನಿಗೆ ಕೈ ಸಾಲದು, ತಮ್ಮನನ್ನು ನೋಡಿಕೊಳ್ಳಬೇಕು ಎಂದು ಒಬ್ಬಳು ಬರೆದಿದ್ದಳು. ಮೂರು ತಪ್ಪಿತ್ತು. ತಪ್ಪು ತಿದ್ದಿ ಹತ್ತಕ್ಕೆ ಹತ್ತು ಕೊಟ್ಟೆ. ರಜೆಯನ್ನೂ ಕೊಟ್ಟೆ.