ಲಾಭ ಆಮದುದಾರನಿಗೆ, ರೋಗ ಕಾಡಿಗೆ

ಹಾಲೆಂಡಿನ ಕಾಡಿನಲ್ಲಿ ಸಾಲಮಾಂಡರ್ ಎಂಬ ಹಳದಿ ಮಚ್ಚೆಯ ಪ್ರಾಣಿಯುಂಟು. ಆಕಾರ ಹಲ್ಲಿಯದು, ಬಳಗ ಕಪ್ಪೆಯದು. ಕೆಲವೇ ವರ್ಷಗಳಲ್ಲಿ ಅಲ್ಲಿ 100ಕ್ಕೆ 4 ಸಹ ಉಳಿಯಲಿಲ್ಲ. ಚರ್ಮ ತಿನ್ನುವ ಶಿಲೀಂಧ್ರವೇ ಕಾರಣವೆಂದು 2013ರಲ್ಲಿ ಗೊತ್ತಾಯಿತು. ಏಷ್ಯದ ಈ ರೋಗ ಸಾಕುಪ್ರಾಣಿಗಳ ವ್ಯಾಪಾರದೊಡನೆ ಬಂದಿತೆಂದು ವಿಜ್ಞಾನಿಗಳ ಅಭಿಪ್ರಾಯ.

ಹತ್ತಿಯ ಧೂಳು ಕಾರ್ಮಿಕನ ಎದೆಗೆ, ಲಾಭ ಮಾಲೀಕನ ಪೆಟ್ಟಿಗೆಗೆ; ಇದೂ ಅದೇ ಲೆಕ್ಕ.

ಅಮೆರಿಕ 2016ರಲ್ಲಿ 201 ಜಾತಿಗಳ ಆಮದನ್ನು ತಡೆಯಿತು. 2018ರಲ್ಲಿ ಯುರೋಪ್ ಒಕ್ಕೂಟ ಪ್ರತ್ಯೇಕವಾಸ, ಪರೀಕ್ಷೆಗಳನ್ನು ವಿಧಿಸಿತು. ವ್ಯಾಪಾರ ಸ್ವಾತಂತ್ರ್ಯಕ್ಕೆ ಧಕ್ಕೆಯೆನ್ನುವವರು ಹೇಳಲಿ: ಬರಿದಾದ ಕಾಡಿನ ನಷ್ಟ ಯಾರ ಖಾತೆಗೆ?

ನಿಯಂತ್ರಣ ಬೇಕೇ ಬೇಕು. ಆದರೆ ಪರೀಕ್ಷೆಯ ಖರ್ಚನ್ನು ಬಂದರಿನಲ್ಲೇ ದೊಡ್ಡ ಆಮದುದಾರರಿಂದ ವಸೂಲು ಮಾಡಬೇಕು. ಸಣ್ಣ ಅಂಗಡಿಯವನ ತಲೆಗೆ ಕಟ್ಟಕೂಡದು. ಕಾಡು ಹೊಕ್ಕ ರೋಗವನ್ನು ಯಾವ ಸರ್ಕಾರದ ಆಜ್ಞೆಯೂ ಹಿಂದಕ್ಕೆ ಕರೆಯಲಾರದು.