ಜೇಡರ ಬಲೆ ತೆಗೆಯುವ ಕೋಲು

ಶಾಲೆಯ ಪ್ರಯೋಗಾಲಯಕ್ಕೆಂದು ಹಳೆಯ ತಕ್ಕಡಿಯೊಂದನ್ನು ಹುಡುಕುತ್ತಾ ಯಶವಂತಪುರದ ಗುಜರಿ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹುಡುಗ ಕಂದು ಬಣ್ಣದ ಉದ್ದನೆಯ ಕೋಲಿನ ತುದಿಗೆ ಬಟ್ಟೆ ಕಟ್ಟಿಕೊಂಡು ಜೇಡರ ಬಲೆ ತೆಗೆಯುತ್ತಿದ್ದ. ಪ್ರತಿ ಸಲ ಬೀಸಿದಾಗಲೂ ಕೋಲು ಬಳುಕಿ, ಮೆಲ್ಲಗೆ ಮತ್ತೆ ನೇರವಾಗುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಮೈಯುದ್ದಕ್ಕೂ ದಾರ ಹಾಯಿಸುವ ಸಣ್ಣ ತಂತಿಯ ಬಳೆಗಳು, ಬುಡದಲ್ಲಿ ಕಾರ್ಕಿನ ಹಿಡಿ. ಅದು ಫೈಬರ್ ಗ್ಲಾಸಿನ ಗಾಳದ ಕೋಲು. ಟ್ರೌಟ್ ಎಂಬ ತಣ್ಣೀರಿನ ಮೀನಿಗಾಗಿ ಮಾಡಿದ್ದು. ನೂರೈವತ್ತು ರೂಪಾಯಿ ಕೊಟ್ಟು ಮನೆಗೆ ತಂದೆ. "ತಕ್ಕಡಿ ಎಲ್ಲಿ?" ಎಂಬ ಮನೆಯಾಕೆಯ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.

ನಮ್ಮ ಕೆರೆಯ ಗಾಳದಲ್ಲಿ ಸೀಸದ ಗುಂಡಿನ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಟ್ರೌಟ್ ಗಾಳದಲ್ಲಿ ಹಾಗಲ್ಲ. ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಸಿ ನೊಣಕ್ಕೆ ಭಾರವೇ ಇಲ್ಲ. ಆದ್ದರಿಂದ ದಾರವನ್ನೇ ದಪ್ಪಗೆ, ಭಾರವಾಗಿ ಮಾಡಿರುತ್ತಾರೆ. ಬೀಸಿದಾಗ ಕೋಲು ಬಾಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ನೇರವಾಗುವಾಗ ಅದನ್ನು ದಾರಕ್ಕೆ ಕೊಡುತ್ತದೆ. ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉಪಕರಣ ನನ್ನ ಪ್ರಯೋಗಾಲಯದಲ್ಲಿಲ್ಲ. ಕೊಕ್ಕೆ ತೆಗೆದು, ದಾರದ ತುದಿಗೆ ಉಣ್ಣೆಯ ತುಣುಕು ಕಟ್ಟಿ, ಶಾಲೆಯ ಮೈದಾನದಲ್ಲಿ ಮಕ್ಕಳಿಂದ ಬೀಸಿಸುತ್ತೇನೆ.

ಹಿಂದೆ ಇಂಥ ಕೋಲುಗಳನ್ನು ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡುತ್ತಿದ್ದರು. 1940ರ ದಶಕದಲ್ಲಿ ಅಮೆರಿಕದ ಆರ್ಥರ್ ಹೋವಾಲ್ಡ್ ಗಾಜಿನ ಎಳೆಗಳನ್ನು ರಾಳದೊಂದಿಗೆ ಬೆಸೆದು ಕೋಲು ಮಾಡಿದರು. ಗಾಜು ಒಡೆಯುವ ವಸ್ತು, ರಾಳ ಒಂಟಿಯಾಗಿ ಬಲವಿಲ್ಲದ್ದು. ಎರಡೂ ಸೇರಿದರೆ ಬಾಗಿಯೂ ಮುರಿಯದ ಕೋಲು! 1970ರ ದಶಕದಲ್ಲಿ ಕಾರ್ಬನ್ ನಾರಿನ ಕೋಲುಗಳು ಬಂದವು. ಕಾರ್ಬನ್ ಎಳೆ ಗಾಜಿನ ಎಳೆಗಿಂತ ಹಗುರ, ಬಾಗದಿರುವ ಗುಣದಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಗಾಜಿನ ಕೋಲು ಮೂಲೆ ಸೇರಿತು. ಆದರೂ ಹಳೆಯದನ್ನು ಹುಡುಕಿ ಕೂಡಿಡುವವರು ಇದ್ದಾರೆ. ಮೆಲ್ಲಗೆ ಬಾಗುವುದರಿಂದ ಸಣ್ಣ ಮೀನು ಎಳೆದರೂ ಕೈಗೆ ಗೊತ್ತಾಗುತ್ತದೆ ಎಂಬುದು ಅವರ ಸಂತೋಷ. ಕೊಳ್ಳುವವರಿಗೆ ಒಂದು ಮಾತು: ಜೋಡಣೆ ಸಡಿಲವಿದೆಯೇ, ಮೈಮೇಲೆ ಬಿರುಕಿದೆಯೇ ನೋಡಿ. ಮಕ್ಕಳು ಅದನ್ನು ಉಪ್ಪುಕಾಗದದಿಂದ ಉಜ್ಜದಂತೆ ನೋಡಿಕೊಳ್ಳಿ; ಗಾಜಿನ ಪುಡಿ ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು.

ಈ ಕೋಲಿನಿಂದ ನಾನು ಒಂದು ಟ್ರೌಟನ್ನೂ ಹಿಡಿದಿಲ್ಲ. ದೊಡ್ಡಬಳ್ಳಾಪುರದ ಬಳಿ ಗೆಳೆಯರ ತೋಟದ ಹೊಂಡದಲ್ಲಿ ಜಿಲೇಬಿ ಮೀನು ಹಿಡಿದದ್ದುಂಟು, ಅಷ್ಟೆ. ಒಂದು ಲೀಟರ್ ನೀರು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 25 ಡಿಗ್ರಿಯಲ್ಲಿ ಸುಮಾರು 8 ಮಾತ್ರ. ನೀರು ಬಿಸಿಯಾದಂತೆ ಮೀನಿಗೆ ಬೇಕಾಗುವ ಆಮ್ಲಜನಕವೋ ಹೆಚ್ಚುತ್ತದೆ. ಬ್ರಿಟಿಷರು ತಂದು ಬಿಟ್ಟ ಟ್ರೌಟ್ ನೀಲಗಿರಿಯ ತಣ್ಣನೆಯ ಹೊಳೆಗಳಲ್ಲಿ ನೆಲೆಸಿತು. ಹೆಬ್ಬಾಳದ ಕೆರೆಯಲ್ಲಿ ಬಿಟ್ಟರೆ ಒಂದು ಬೇಸಿಗೆಯನ್ನೂ ದಾಟಲಾರದು.

ಇದನ್ನೆಲ್ಲ ವಿವರಿಸುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: "ಸಾರ್, ನೀವು ಚಿಕ್ಕವರಿದ್ದಾಗ ಯಲಹಂಕ ಕೆರೇಲಿ ಯಾವ ಮೀನಿದ್ವು?" ಗೆಂಡೆ, ಕೊರವ, ಚೇಳುಮೀನು ಎಂದು ಉತ್ಸಾಹದಿಂದ ಹೇಳಿದೆ. "ಎಷ್ಟಿದ್ವು ಸಾರ್? ಯಾವಾಗಿಂದ ಕಡಿಮೆ ಆದ್ವು?" ನಾನು ಸುಮ್ಮನಾದೆ. 1980ರ ದಶಕದಲ್ಲಿ ಎಷ್ಟೋ ಭಾನುವಾರ ಬಿದಿರಿನ ಗಾಳ ಹಿಡಿದು ಆ ದಂಡೆಯಲ್ಲಿ ಕುಳಿತಿದ್ದೇನೆ. ಒಂದು ಸಾಲನ್ನೂ ಬರೆದಿಟ್ಟಿಲ್ಲ. ವಿಜ್ಞಾನದ ಮೇಷ್ಟರ ಬಳಿ ಇರುವುದು ಬರೀ ನೆನಪು.

ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾವೇರಿಯೇ ಸಾಕ್ಷಿ. ಅಲ್ಲಿನ ಮಹಶೀರ್ ಮೀನು ಜಗತ್ಪ್ರಸಿದ್ಧ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳಿಬೋರೆಯ ಶಿಬಿರದಲ್ಲಿ ಗಾಳ ಹಾಕುತ್ತಿದ್ದವರು ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ಹೊಳೆಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಮೀನುಗಳಿದ್ದವು. ವಿಜ್ಞಾನಿಗಳು ಅದನ್ನು ಬಿಡಿಸಿ ನೋಡಿದರು. ಒಟ್ಟು ಮೀನು ಹೆಚ್ಚುತ್ತಲೇ ಇತ್ತು! ಆದರೆ ಹೆಚ್ಚಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ಈಜುರೆಕ್ಕೆಯ ಮಹಶೀರ್. ಕಾವೇರಿಯದೇ ಆದ ಡುಬ್ಬ ಬೆನ್ನಿನ ಮಹಶೀರ್ ಬಹುತೇಕ ಕಾಣೆಯಾಗಿತ್ತು. 2015ರಲ್ಲಿ ಈ ಸಂಗತಿ ಪ್ರಕಟವಾಯಿತು. ಅಲ್ಲಿಯವರೆಗೆ ಆ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ. 2018ರಲ್ಲಿ ಅದು ಟಾರ್ ರೆಮದೇವಿ ಎಂದು ಗುರುತಿಸಲಾಯಿತು. ಅದೇ ವರ್ಷ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಬರೀ ಒಟ್ಟು ಲೆಕ್ಕ ನೋಡಿದ್ದರೆ ಎಲ್ಲವೂ ಚೆನ್ನಾಗಿದೆ ಎಂದುಕೊಳ್ಳುತ್ತಿದ್ದೆವು.

ಆದ್ದರಿಂದ ವಿದ್ಯಾರ್ಥಿಗಳೇ, ಈ ವಾರ ಒಂದು ಚಿಕ್ಕ ಕೆಲಸ. ಪ್ಲಾಸ್ಟಿಕ್ ಸ್ಕೇಲೊಂದನ್ನು ಮೇಜಿನ ಅಂಚಿನಿಂದ 10 ಸೆಂಟಿಮೀಟರ್ ಹೊರಗೆ ಚಾಚಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ತುದಿಗೆ ನಾಣ್ಯಗಳನ್ನು ತೂಗುಹಾಕಿ, ಎಷ್ಟು ಬಾಗಿತು ಅಳೆಯಿರಿ. ಅದೇ ನಾಣ್ಯಗಳನ್ನಿಟ್ಟು, ಈಗ 20 ಸೆಂಟಿಮೀಟರ್ ಚಾಚಿ. ಉದ್ದ ಎರಡು ಪಟ್ಟಾದರೆ ಬಾಗು ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟು! ಸಿಕ್ಕ ಅಂಕಿಯನ್ನು ದಿನಾಂಕದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ ಪುಟದಲ್ಲಿ ನಿಮ್ಮ ಮನೆ ಹತ್ತಿರದ ಕೆರೆಯಲ್ಲಿ ಕಂಡ ಹಕ್ಕಿ, ಮೀನುಗಳನ್ನು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬಿಡಿಸಿ.

ಪೋಷಕರೇ, ಇದರಿಂದ ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತದೆ ಎಂದು ಕೇಳಬೇಡಿ. ನಲವತ್ತು ವರ್ಷಗಳ ನಂತರ ಯಾವನೋ ಹುಡುಗ "ಆಗ ಕೆರೆಯಲ್ಲಿ ಏನಿತ್ತು?" ಎಂದು ಕೇಳಿದಾಗ ನಿಮ್ಮ ಮಗನೋ ಮಗಳೋ ನನ್ನಂತೆ ಸುಮ್ಮನೆ ನಿಲ್ಲಬಾರದು. ಅಂದಹಾಗೆ, ನಾನೂ ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕೋಲಿನ ಪಕ್ಕದಲ್ಲೇ ಇದೆ.