ಹುಳಿ ಬೇರೆ, ಬೂಷ್ಟು ಬೇರೆ

ಕಳೆದ ದೀಪಾವಳಿಯ ತರುವಾಯ ನಮ್ಮ ಚಿಕಿತ್ಸಾಲಯಕ್ಕೆ ಬಂದ ವೃದ್ಧ ತಾಯಿಯೊಬ್ಬರು ನಾಡಿ ತೋರಿಸಿದ ಬಳಿಕ ಸಂಕೋಚದಿಂದ ಒಂದು ಪ್ರಶ್ನೆಯನ್ನು ಕೇಳಿದರು. ರಾಶಿಯ ಹೊತ್ತಿಗೆ ಮಳೆ ಹಿಡಿದು ಅವರ ಮುಂಗಾರಿ ಜೋಳವು ಕಪ್ಪಾಗಿತ್ತು. ಅದನ್ನು ತೊಳೆದು ಒಣಗಿಸಿ, ಹಿಟ್ಟು ಮಾಡಿಸಿ, ಹುಳಿ ಬರಿಸಿ ಅಂಬಲಿ ಕಾಸಿದರೆ ದೋಷವೆಲ್ಲ ಹೋಗುವುದಲ್ಲವೇ ಎಂಬುದು ಅವರ ಪ್ರಶ್ನೆ. ಅದೇ ಜೋಳದಲ್ಲಿ ಒಂದು ಚೀಲವನ್ನು ಅವರು ಮಠದ ದಾಸೋಹಕ್ಕೆಂದು ಮೀಸಲಿಟ್ಟಿದ್ದರು. ಅನ್ನವನ್ನು ಚೆಲ್ಲಬಾರದೆಂಬ ಸಂಸ್ಕಾರ ಆ ಮಾತಿನ ಹಿಂದಿತ್ತು. ಆ ಸಂಸ್ಕಾರಕ್ಕೆ ನಾವು ತಲೆಬಾಗುತ್ತೇವೆ. ಆದರೂ ಉತ್ತರವನ್ನು ‘ಇಲ್ಲ’ ಎಂದೇ ಹೇಳಬೇಕಾಯಿತು. ಈ ತಪ್ಪು ತಿಳಿವಳಿಕೆ ಅನೇಕ ಮನೆಗಳಲ್ಲಿ ಇರುವುದರಿಂದ ಈ ತಿಂಗಳು ಅದನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಹುಳಿಯಾಗುವಿಕೆ ಒಂದು ಉತ್ತಮ ಸಂಸ್ಕಾರ. ಅಕ್ಕಿ ಮತ್ತು ಉದ್ದಿನ ಹಿಟ್ಟು ರಾತ್ರಿಯಿಡೀ ಉಬ್ಬುವಾಗ ಅದರಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುವ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ. ಅವುಗಳಿಂದ ಹೊರಡುವ ಅನಿಲವು ಇಡ್ಲಿಯನ್ನು ಹಗುರಗೊಳಿಸುತ್ತದೆ. ಆಮ್ಲವು ಕೆಡಿಸುವ ಅನೇಕ ಜೀವಿಗಳನ್ನು ತಡೆಯುತ್ತದೆ. ರಾಗಿ ಹಾಗೂ ಜೋಳದ ಹುಳಿ ಅಂಬಲಿಯ ಗುಣವೂ ಇದೇ. ನಮ್ಮ ಪ್ರಾಚೀನ ವೈದ್ಯರು ಕಾಂಜಿ, ಧಾನ್ಯಾಮ್ಲ, ಆಸವ, ಅರಿಷ್ಟಗಳನ್ನು ಸಂಧಾನವಿಧಿಯಿಂದ ಸಿದ್ಧಪಡಿಸಿದರು. ಆದರೆ ಅವರು ಆರಂಭಿಸಿದ್ದು ಶುದ್ಧವಾದ ದ್ರವ್ಯದಿಂದ. ಕೆಟ್ಟ ದ್ರವ್ಯವನ್ನು ಒಳ್ಳೆಯದಾಗಿಸುವುದಕ್ಕೆ ಸಂಧಾನವನ್ನು ಅವರು ಬಳಸಲಿಲ್ಲ.

ಬೂಷ್ಟಿನ ದಾರಿ ಬೇರೆ. ತೇವ ಉಳಿದ ಮೆಕ್ಕೆಜೋಳ, ಶೇಂಗಾ, ಜೋಳಗಳ ಮೇಲೆ ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಫ್ಯುಸೇರಿಯಂ ಜಾತಿಯ ಶಿಲೀಂಧ್ರಗಳು ಫ್ಯುಮೋನಿಸಿನ್ ಎಂಬ ಇನ್ನೊಂದು ವಿಷವನ್ನು ಬಿಡುತ್ತವೆ. ಶಿಲೀಂಧ್ರ ಸತ್ತರೂ ವಿಷವು ಕಾಳಿನೊಳಗೇ ಉಳಿಯುತ್ತದೆ. ಕಣ್ಣಿಗೆ ಕಾಣುವ ಹಸಿರು ಧೂಳನ್ನು ತೊಳೆದ ಮಾತ್ರಕ್ಕೆ ಕಾಳು ಶುದ್ಧವಾಗುವುದಿಲ್ಲ.

ಇದು ಕೇವಲ ಪ್ರಯೋಗಶಾಲೆಯ ಮಾತಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಶೇಂಗಾ ಹಿಂಡಿಯನ್ನು ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು; ಅಫ್ಲಾಟಾಕ್ಸಿನ್ ಪತ್ತೆಯಾದದ್ದು ಆ ಜಾಡಿನಲ್ಲಿ. 1974ರಲ್ಲಿ ರಾಜಸ್ಥಾನದ ಬಾಂಸ್ವಾಡಾ ಮತ್ತು ಗುಜರಾತಿನ ಪಂಚಮಹಲ್ ಪ್ರದೇಶಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡವರಿಗೆ ಕಾಮಾಲೆ ಮತ್ತು ಜಲೋದರ ಕಾಣಿಸಿಕೊಂಡವು. 397 ಮಂದಿ ರೋಗಿಗಳಲ್ಲಿ 106 ಜನರು ಮೃತಪಟ್ಟರು. 1995ರಲ್ಲಿ ನಮ್ಮ ಕರ್ನಾಟಕ ಮತ್ತು ಆಂಧ್ರದ ದಖ್ಖನ್ ಹಳ್ಳಿಗಳಲ್ಲಿಯೇ ಮಳೆಗೆ ಕೆಟ್ಟ ಜೋಳ, ಮೆಕ್ಕೆಜೋಳಗಳ ರೊಟ್ಟಿ ತಿಂದವರು ಹೊಟ್ಟೆನೋವು, ಭೇದಿಗಳಿಂದ ನರಳಿದರು. ಅಲ್ಲಿ ಫ್ಯುಮೋನಿಸಿನ್ ದೊರೆಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆ ಧಾನ್ಯವನ್ನು ಬಿಟ್ಟೊಡನೆ ಜನರು ಚೇತರಿಸಿಕೊಂಡರು.

ಇನ್ನು ಹುಳಿ ಬರಿಸಿದರೆ ವಿಷ ಹೋಗುವುದೇ? ಕೆಲವು ಲ್ಯಾಕ್ಟಿಕ್ ಜೀವಿಗಳು ವಿಷದ ಒಂದಂಶವನ್ನು ಹಿಡಿದಿಟ್ಟುಕೊಳ್ಳುತ್ತವೆ ಎಂಬುದು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಎಷ್ಟು ಹಿಡಿಯಿತು, ಎಷ್ಟು ಉಳಿಯಿತು ಎಂಬುದನ್ನು ಅಡುಗೆಮನೆಯಲ್ಲಿ ಅಳೆಯಲಾಗದು. ಪೂರ್ಣವಾಗಿ ಹೋಗುವುದೆಂಬ ಭರವಸೆಯಂತೂ ಇಲ್ಲ. ಬೇಯಿಸುವುದರಿಂದಲೂ ಆಗದು. ಶುದ್ಧ ಅಫ್ಲಾಟಾಕ್ಸಿನ್ ಒಡೆಯಲು 230 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿದ ಉಷ್ಣ ಬೇಕು. ಇಡ್ಲಿಯ ಹಬೆ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಾಗೆಯೇ ಹಳೆಯ ಹಿಟ್ಟಿನ ಮೇಲೆ ಬಣ್ಣದ ನೂಲಿನಂತಹ ಬೂಷ್ಟು ಕಂಡರೆ ಮೇಲ್ಪದರವನ್ನು ತೆಗೆದು ಉಳಿದುದನ್ನು ಬಳಸುವುದು ಸರಿಯಲ್ಲ. ಅದರ ಎಳೆಗಳು ಒಳಗೂ ಇಳಿದಿರುತ್ತವೆ.

ಅಲ್ಪಪ್ರಮಾಣದಲ್ಲಿ ಒಳಸೇರಿ, ಬಹುಕಾಲ ದೇಹದಲ್ಲಿ ಅಡಗಿದ್ದು ಬಾಧಿಸುವ ವಿಷವನ್ನು ಆಯುರ್ವೇದವು ದೂಷೀವಿಷವೆಂದು ಕರೆದಿದೆ. ದಿನವೂ ತುಸುತುಸುವೇ ಹೊಟ್ಟೆ ಸೇರಿ ವರ್ಷಗಳ ಬಳಿಕ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲ ಅಫ್ಲಾಟಾಕ್ಸಿನ್ನನ್ನು ಕುರಿತು ಓದುವಾಗಲೆಲ್ಲ ನಮಗೆ ಆ ಪದ ನೆನಪಾಗುತ್ತದೆ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಈ ಅಪಾಯವು ಹಲವು ಪಟ್ಟು ಹೆಚ್ಚು. ‘ಯಕೃತ್ತನ್ನು ತೊಳೆಯುವ ಕಷಾಯ ಕೊಡಿ’ ಎಂದು ಕೇಳುವವರಿದ್ದಾರೆ, ಕೊಡುವವರೂ ಇದ್ದಾರೆ. ನಾವು ಆಯುರ್ವೇದವನ್ನೇ ಓದಿ, ಅದರಲ್ಲಿಯೇ ಆಯುಷ್ಯ ಸವೆಸಿದವರು. ಆದರೂ ಬೂಷ್ಟಿನ ಜೋಳವನ್ನು ಉಣ್ಣುತ್ತಲೇ ಕುಡಿಯಬಹುದಾದ ಕಷಾಯವೊಂದಿದೆ ಎಂದು ಹೇಳಲಾರೆವು. ರೋಗದ ಕಾರಣವನ್ನು ಮೊದಲು ತೊರೆಯಬೇಕೆಂಬ ನಿದಾನಪರಿವರ್ಜನವೇ ಇಲ್ಲಿಯ ಮೊದಲ ಚಿಕಿತ್ಸೆ.

ತೊರೆಯುವ ಕಾರ್ಯವು ಕಣದಲ್ಲಿಯೇ ಆರಂಭವಾಗಬೇಕು. ಕಾಳನ್ನು ಹಲ್ಲಿನಲ್ಲಿ ಕಡಿದರೆ ಕಟಕ್ಕೆಂದು ಒಡೆಯುವವರೆಗೆ, ಅಂದರೆ ತೇವಾಂಶ ಶೇಕಡ 12ರ ಸುಮಾರಿಗೆ ಇಳಿಯುವವರೆಗೆ, ಒಣಗಿಸಬೇಕು. ಚೀಲಗಳನ್ನು ನೆಲಕ್ಕೆ ಹಾಗೂ ಗೋಡೆಗೆ ತಾಗಿಸದೆ ಮಣೆಯ ಮೇಲಿಡಬೇಕು. ಹಿಂದೆ ಹಗೇವಿನಲ್ಲಿ ಜೋಳ ತುಂಬುತ್ತಿದ್ದ ಹಿರಿಯರು ಚೆನ್ನಾಗಿ ಒಣಗದ ಕಾಳನ್ನು ಒಳಗಿಳಿಸುತ್ತಿರಲಿಲ್ಲ. ಒಣಹವೆಯಲ್ಲಿ ಮಾಗುವ ಹಿಂಗಾರಿ ಮಾಲ್ದಂಡಿ ಜೋಳಕ್ಕೆ ಬೂಷ್ಟಿನ ಬಾಧೆ ಕಡಿಮೆ. ಊಟಕ್ಕೆ ಅದನ್ನೇ ಇಟ್ಟುಕೊಳ್ಳುವುದು ಲೇಸು. ಸಜ್ಜೆಯಲ್ಲಿ ಕಪ್ಪು ಅರ್ಗಟ್ ಗಟ್ಟಿಗಳಿದ್ದರೆ 10 ಲೀಟರ್ ನೀರಿಗೆ 2 ಕೆ.ಜಿ. ಉಪ್ಪು ಬೆರೆಸಿ ಅದರಲ್ಲಿ ಕಾಳನ್ನು ಸುರಿದು, ತೇಲಿದುದನ್ನು ಚೆಲ್ಲಿ, ಮುಳುಗಿದುದನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು.

‘ಮನುಷ್ಯರಿಗೆ ಬೇಡವಾದರೆ ದನಕ್ಕೆ ಹಾಕಿದರಾಯಿತು’ ಎಂಬ ಮಾತನ್ನೂ ಬಿಡಬೇಕು. ಆಕಳು ತಿಂದ ಅಫ್ಲಾಟಾಕ್ಸಿನ್ ರೂಪ ಬದಲಿಸಿ ಎಂ1 ಎಂಬ ಹೆಸರಿನಿಂದ ಹಾಲಿಗೆ ಬರುತ್ತದೆ. ಕಾಯಿಸಿದರೆ ಅದು ಹೋಗುವುದಿಲ್ಲ. ನಾವು ಕೊಟ್ಟಿಗೆಗೆ ಎಸೆದದ್ದು ಮಗುವಿನ ಬಟ್ಟಲಿಗೆ ಮರಳುತ್ತದೆ.

ನಮ್ಮ ನಿಜವಾದ ಅಳಲು ಇನ್ನೊಂದಿದೆ. ಕಪ್ಪಾದ ಜೋಳವು ಸಂತೆಯಲ್ಲಿ ಅಗ್ಗಕ್ಕೆ ಮಾರಾಟವಾಗುತ್ತದೆ; ಅಗ್ಗದ ಕಾಳು ಬಡವರ ಮನೆಯನ್ನೇ ಸೇರುತ್ತದೆ. ಕೂಲಿಯಾಳಿಗೆ ಕೆಟ್ಟ ಕಾಳನ್ನು ಅಳೆದು ಕೊಡುವುದು ಕಾಯಕಕ್ಕೆ ಮಾಡುವ ಅವಮಾನ. ದಾಸೋಹಕ್ಕೆ ತರುವ ಕಾಳಿನ ವಿಷಯದಲ್ಲಿಯೂ ಅಷ್ಟೇ: ಪಂಕ್ತಿಯಲ್ಲಿ ಕುಳಿತವರಿಗೆ ಆರಿಸಿ ಉಣ್ಣುವ ಅವಕಾಶವಿಲ್ಲ. ಆದ್ದರಿಂದ ಆರಿಸುವ ಹೊಣೆ ಕೊಡುವವರದು. ಚೀಲ ತುಂಬದಿದ್ದರೂ ಚಿಂತೆಯಿಲ್ಲ, ನಿಮ್ಮ ಮಕ್ಕಳಿಗೆ ಬಡಿಸುವಂತಹುದನ್ನು ತನ್ನಿರಿ. ಕೆಟ್ಟುದನ್ನು ಹೊಲದ ಮೂಲೆಯಲ್ಲಿ ಆಳವಾಗಿ ಹೂಳಿರಿ. ಅದು ಅನ್ನಕ್ಕೆ ಮಾಡಿದ ಅಪಚಾರವಲ್ಲ. ಪ್ರತಿ ಊರಿಗೊಂದು ಒಣಗಿಸುವ ಕಟ್ಟೆ, ಪ್ರತಿ ಸಹಕಾರ ಸಂಘಕ್ಕೊಂದು ತೇವಮಾಪಕ ಇರಲೆಂದು ಗ್ರಾಮಸಭೆಗಳಲ್ಲಿ ಕೇಳುವುದು ಸಹ ಭಕ್ತರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಆ ತಾಯಿಯವರು ನಮ್ಮ ಮಾತನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಎರಡು ಚೀಲವೆಂದರೆ ಅವರಿಗೆ ಅರ್ಧ ವರ್ಷದ ರೊಟ್ಟಿ. ಅದನ್ನು ಹೂಳಿರೆಂದು ಹೇಳುವುದು ನಮಗೂ ಸುಲಭವಾಗಿರಲಿಲ್ಲ. ಹಿಂಗಾರಿ ರಾಶಿಯಾದ ಮೇಲೆ ಅವರು ಮತ್ತೆ ಬಂದಾಗ ಕೈಯಲ್ಲಿ ಸಣ್ಣ ಗಂಟೊಂದಿತ್ತು. ಅದರೊಳಗಿನ ನಾಲ್ಕು ಸೇರು ಬಿಳಿಜೋಳವನ್ನು ದಾಸೋಹಕ್ಕೆ ಕೊಡುವ ಮೊದಲು ನಮಗೆ ತೋರಿಸಲು ತಂದಿದ್ದರು. ನಾವು ಒಂದು ಕಾಳನ್ನು ಕಡಿದು ನೋಡಿದೆವು. ಕಟಕ್ಕೆಂದು ಒಡೆಯಿತು.